ಕೈಗೆ ತಕ್ಕ ಕೀಲಿಮಣೆ

ನೇಗಿಲು ಮಾಡಿಸುವ ರೈತನು ಮೇಳಿಯನ್ನು ತನ್ನ ಎತ್ತರಕ್ಕೆ ಸರಿಯಾಗಿ ಇಡಿಸುತ್ತಾನೆ. ಉಪಕರಣವು ಕೈಗೆ ಒಗ್ಗಬೇಕೇ ಹೊರತು ಕೈಯು ಉಪಕರಣಕ್ಕಲ್ಲವೆಂಬುದು ನಮ್ಮ ಚೌಳಹಿರಿಯೂರಿನಲ್ಲಿ ಯಾರಿಗೂ ಹೊಸ ಮಾತಲ್ಲ. ಆದರೆ ಕಂಪ್ಯೂಟರಿನ ಕೀಲಿಮಣೆಯಲ್ಲಿ ಈ ನ್ಯಾಯವು ನಡೆದಿಲ್ಲ.

ಇದರ ಕಾರಣ ಹಳೆಯದು. ಅಮೆರಿಕದ ಷೋಲ್ಸ್ ರಚಿಸಿದ ಬೆರಳಚ್ಚು ಯಂತ್ರವು 1874ರಲ್ಲಿ ಮಾರಾಟಕ್ಕೆ ಬಂದಿತು. ಕೀಲಿಗಳ ಕೆಳಗಿನ ಸನ್ನೆಗೋಲುಗಳು ಒಂದಕ್ಕೊಂದು ತಗುಲದಿರಲೆಂದು ಅದರ ಸಾಲುಗಳನ್ನು ಓರೆಯಾಗಿ ಜೋಡಿಸಿದ್ದರು. ಸನ್ನೆಗೋಲುಗಳು ಹೋದವು, ಓರೆ ಮಾತ್ರ ಉಳಿಯಿತು. ಕೈಗಳೆರಡನ್ನೂ ಎದೆಯ ಮುಂದೆ ಒತ್ತಟ್ಟಿಗೆ ತಂದು, ಮಣಿಕಟ್ಟನ್ನು ಹೊರಕ್ಕೆ ಬಾಗಿಸಿಯೇ ದುಡಿಯಬೇಕು.

ನಮ್ಮ ಮನೆತನದಲ್ಲಿ ಬಿ.ಎ. ತರಗತಿಯನ್ನು ಕಂಡವರಲ್ಲಿ ನಾನೇ ಮೊದಲಿಗ. ಬೆರಳಚ್ಚಿನ ಕೂಲಿಯಿಂದಲೇ ಓದಿನ ಖರ್ಚು ಸಾಗಬೇಕು. ಮಣಿಕಟ್ಟು ನೋಯತೊಡಗಿದಾಗ ಓದೇ ನಿಲ್ಲುವ ಭಯವಾಯಿತು. ಆದ್ದರಿಂದ ಎರಡು ಹೋಳಿನ ಕೀಲಿಮಣೆಯನ್ನು ನಾನೇ ಕಟ್ಟಿದೆನು.

ಹೋಳುಗಳನ್ನು ಹೆಗಲಿನಷ್ಟು ಅಗಲಕ್ಕೆ ಸರಿಸಿಟ್ಟರೆ ಮುಂಗೈ ನೇರವಾಗುತ್ತದೆ. ಪ್ರತಿ ಹೋಳಿನಲ್ಲಿ 30 ಕೀಲಿಗಳಿವೆ. ಕೀಲಿಗೊಂದು ತಂತಿ ಬೇಕಿಲ್ಲ. 5 ಅಡ್ಡಸಾಲು, 6 ಉದ್ದಸಾಲುಗಳಾಗಿ ಹೆಣೆದರೆ 11 ತಂತಿಗಳು ಸಾಕು. ಯಾವ ಎರಡು ಸಾಲುಗಳು ಕೂಡಿದುವೆಂಬುದನ್ನು ನೋಡಿ ಒಳಗಿನ ಪುಟ್ಟ ಚಿಪ್ಪು ಕೀಲಿಯನ್ನು ಗುರುತಿಸುತ್ತದೆ. ಹಲವು ಕೀಲಿಗಳನ್ನು ಒಮ್ಮೆಲೇ ಒತ್ತಿದಾಗ ಗೊಂದಲವಾಗದಂತೆ ಪ್ರತಿಯೊಂದಕ್ಕೂ ಡಯೋಡ್ ಬೆಸೆಯಬೇಕು. ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ.

ಮೌಸಿಗಾಗಿ ಕೈ ಚಾಚುವ ಶ್ರಮವನ್ನು ತಪ್ಪಿಸಲು ಎರಡೂ ಹೆಬ್ಬೆರಳುಗಳ ಬಳಿ ಒಂದೊಂದು ಉರುಳುಗುಂಡನ್ನು, ಅಂದರೆ ಟ್ರ್ಯಾಕ್‌ಬಾಲನ್ನು, ಕೂರಿಸಿದ್ದೇನೆ. ಬಲಗುಂಡು ಪರದೆಯ ಬಾಣವನ್ನು ನಡೆಸುತ್ತದೆ. ಎಡಗುಂಡು ಪುಟವನ್ನು ಸರಿಸುತ್ತದೆ. ಗುಂಡಿನ ಕೆಳಗಿನ ಬೆಳಕಿನ ಕಣ್ಣು ಅದರ ಮೈಯ ಚಿತ್ರಗಳನ್ನು ಕ್ಷಣಕ್ಷಣವೂ ಹೋಲಿಸಿ ಚಲನೆಯನ್ನು ಅಳೆಯುತ್ತದೆ. 1950ರ ದಶಕದಲ್ಲಿ ಕೆನಡಾದ ನೌಕಾದಳದ ಯಂತ್ರವೊಂದರಲ್ಲಿ ಬೌಲಿಂಗ್ ಚೆಂಡೇ ಈ ಕೆಲಸ ಮಾಡಿತ್ತೆಂದರೆ ಮಿತ್ರರು ನಗಬಹುದು!

ಇದರಲ್ಲಿ ಕನ್ನಡವು ಬರುವುದೇ? ಅವಶ್ಯವಾಗಿ. ಕೀಲಿಮಣೆಯು ಕಳುಹಿಸುವುದು ಕೀಲಿಯ ಸಂಖ್ಯೆಯನ್ನು ಮಾತ್ರ. ಅದನ್ನು ಅಕ್ಷರವಾಗಿಸುವುದು ಕಂಪ್ಯೂಟರಿನೊಳಗಿನ ತಂತ್ರಾಂಶ. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಒತ್ತಕ್ಷರವನ್ನು ಬೆಸೆಯುವ ಕೀಲಿ ‘ಎಫ್’. ಅದು ಎಡ ತೋರುಬೆರಳು ತಂಗುವ ಸ್ಥಾನವೇ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಒತ್ತುಗಳು ಸಾಕು: ಬಲ, ಬಲ, ಎಡ, ಬಲ, ಎಡ. ದುಡಿಮೆಯು ಎರಡು ಹೋಳುಗಳಿಗೂ ಹಂಚಿಹೋಗುತ್ತದೆ.

ಯಂತ್ರವನ್ನು ಕೊಂಡವನು ಅದಕ್ಕೆ ಒಗ್ಗಿಕೊಳ್ಳುತ್ತಾನೆ; ಕಟ್ಟಿದವನು ಅದನ್ನು ತಿದ್ದಬಲ್ಲನು. ಬೆರಳಚ್ಚಿನಿಂದ ಅನ್ನ ಹುಡುಕುವ ಸಹಪಾಠಿಗಳು ಬಯಸಿದರೆ, ತಂತಿ ಹೆಣೆದ ನಕ್ಷೆಯನ್ನು ಸಂತೋಷದಿಂದ ಕೊಡುವೆನು.