ಹಳೇ ಸಿಡಿ ಮಾರೋ ಮುಂಚೆ ತಿರುಗಿಸಿ ನೋಡಿ

ಅಟ್ಟದ ಮೇಲಿನ ಡಬ್ಬದಲ್ಲಿ ಹಾಡಿನ ಸಿಡಿಗಳಿವೆಯಾ? ಗುಜರಿಗೆ ಹಾಕಬೇಡಿ, ಸ್ವಲ್ಪ ತಾಳಿ.

ಹಳೇ ರೆಕಾರ್ಡು, ಸಿಡಿ ಮಾರೋಕೆ ಡಿಸ್ಕಾಗ್ಸ್ ಅಂತ ಒಂದು ತಾಣ ಇದೆ. 2000ರಲ್ಲಿ ಅಮೆರಿಕದ ಕೆವಿನ್ ಲೆವಾಂಡೊವ್ಸ್ಕಿ ಶುರುಮಾಡಿದ್ದು. ಮೊದಲು ಬರೀ ಎಲೆಕ್ಟ್ರಾನಿಕ್ ಸಂಗೀತದ ಪಟ್ಟಿ; ವ್ಯಾಪಾರ ಆಮೇಲೆ ಬಂತು. ಇಲ್ಲಿ ಆಲ್ಬಮ್ ಹೆಸರು ಹಾಕಿದರೆ ಸಾಲದು. ಒಂದೇ ಆಲ್ಬಮ್ ಜಪಾನಿನಲ್ಲೂ ಅಚ್ಚಾಗಿರಬಹುದು, ಜರ್ಮನಿಯಲ್ಲೂ. ಬೆಲೆ ಬೇರೆ ಬೇರೆ. ನಿಮ್ಮದು ಯಾವುದು? ಸಿಡಿ ತಿರುಗಿಸಿ. ನಡುವಿನ ತೂತಿನ ಸುತ್ತ ಸಣ್ಣ ಅಕ್ಷರ, ಅಂಕಿ ಕಾಣುತ್ತಾ? ಅದೇ ಮ್ಯಾಟ್ರಿಕ್ಸ್ ನಂಬರ್. ಅದನ್ನೂ ಬಾರ್‌ಕೋಡನ್ನೂ ತಾಣದ ಪುಟಗಳ ಜೊತೆ ಹೋಲಿಸಿ, ಸರಿಯಾದ ಪುಟದಲ್ಲೇ ಮಾರಾಟಕ್ಕಿಡಿ.

ಈಗ ಗೀರು. ಎಲ್ಲರೂ ಹೊಳೆಯೋ ಬದಿಯನ್ನೇ ನೋಡ್ತಾರೆ. ಅಲ್ಲಿ ದಪ್ಪ ಪಾಲಿಕಾರ್ಬೊನೇಟ್ ಇದೆ, ಸಣ್ಣ ಗೀರನ್ನ ಪಾಲಿಶ್ ಮಾಡಿ ತೆಗೀಬಹುದು. ನಿಜವಾದ ಅಪಾಯ ಹೆಸರು ಅಚ್ಚಾದ ಬದಿಯಲ್ಲಿ. ಹಾಡು ಕೂತಿರೋ ಅಲ್ಯೂಮಿನಿಯಂ ಪದರ ಅಲ್ಲೇ, ತೆಳು ಲ್ಯಾಕರ್ ಕೆಳಗೇ. ಅದು ಕಿತ್ತು ಬಂದರೆ ಹಾಡೂ ಹೋಯ್ತು. ದೀಪಕ್ಕೆ ಹಿಡಿದು ನೋಡಿ. ಬೆಳಕು ತೂರಿ ಬಂದರೆ ವಿವರಣೆಯಲ್ಲಿ ಮುಚ್ಚುಮರೆ ಇಲ್ಲದೆ ಬರೀರಿ.

ದರ್ಜೆಗೆ ‘ಮಿಂಟ್’ (ಅಂದ್ರೆ ಹೊಚ್ಚ ಹೊಸದು) ಅಂತ ಬರೆಯೋ ಆಸೆ ಬೇಡ. ಕೇಳಿದ ಸಿಡಿ ಮಿಂಟ್ ಅಲ್ಲ, ಅಷ್ಟೇ. ‘ವೆರಿ ಗುಡ್ ಪ್ಲಸ್’ ಅಂದ್ರೆ ಅವಮಾನ ಏನಲ್ಲ. ಕೇಸ್ ಒಡೆದಿದ್ದರೆ ಹೊಸದು ಹಾಕಿ. ಒಳಗಿನ ಪುಸ್ತಿಕೆ ಕಳೆದಿದ್ದರೆ ಮಾತ್ರ ಬೆಲೆ ಇಳಿಯುತ್ತೆ. ಮನೇಲಿ ಬರ್ನ್ ಮಾಡಿದ ಸಿಡಿಗಳಾ? ಅವನ್ನ ಮಾರೋ ಹಾಗಿಲ್ಲ.

ಕಳಿಸುವಾಗ ಸಿಡಿಯನ್ನ ಕೇಸಿನ ನಡುಹಲ್ಲಿನಿಂದ ಬಿಡಿಸಿ, ಬೇರೆ ಕವರಿನಲ್ಲಿಡಿ. ದಾರಿಯಲ್ಲಿ ಆ ಹಲ್ಲು ಮುರಿದರೆ ಅದರ ಚೂರೇ ಸಿಡಿಯನ್ನ ಗೀಚುತ್ತೆ.