ಆಳಗಡಲಿನ ಬಾಣಂತಿ

ನಮ್ಮ ಕರಾವಳಿಯವರು ಬೊಂಡಾಸ ಎನ್ನುವ ಸ್ಕ್ವಿಡ್ಡಿನ ಆಳಗಡಲ ಕುಲಗಳಲ್ಲಿ ಗೊನೇಟಸ್ ಒಂದು. ಗ್ರೀನ್‌ಲ್ಯಾಂಡಿನ ಪ್ರಾಣಿಗಳನ್ನು 1780ರಲ್ಲಿ ಗ್ರಂಥಸ್ಥಗೊಳಿಸಿದ ಪಾದ್ರಿ ಫ್ಯಾಬ್ರಿಷಿಯಸನ ಹೆಸರು ಅದರ ಉತ್ತರ ಅಟ್ಲಾಂಟಿಕ್ ಪ್ರಭೇದಕ್ಕಿದೆ. ಪೆಸಿಫಿಕ್ಕಿನ ಇನ್ನೊಂದಕ್ಕೆ ಓನಿಕ್ಸ್ ಎಂಬ ಹೆಸರು. ನಾನು ಹೇಳಹೊರಟದ್ದು ಈ ಎರಡನೆಯದರ ವಿಚಾರ.

ಸ್ಕ್ವಿಡ್ಡುಗಳು ಮೊಟ್ಟೆಯಿಟ್ಟು ತೊರೆದುಹೋಗುತ್ತವೆಂಬುದೇ ಪಂಡಿತರ ನಂಬಿಕೆಯಾಗಿತ್ತು. ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ ಆಳಕ್ಕಿಳಿದ ಯಂತ್ರದ ಕ್ಯಾಮೆರಾ ಬೇರೆಯದನ್ನೇ ಕಂಡಿತು. ಸೀಬೆಲ್ ಮತ್ತು ಸಂಗಡಿಗರು 2005ರಲ್ಲಿ ಅದನ್ನು ಪ್ರಕಟಿಸಿದರು. 1500 ಮೀಟರಿಗೂ ಕೆಳಗೆ, ತಾಯಿ ಎರಡು ಮೂರು ಸಾವಿರ ಮೊಟ್ಟೆಗಳ ಚೀಲವನ್ನು ತೋಳುಗಳ ಕೊಕ್ಕೆಗಳಿಂದ ಅಪ್ಪಿ ಹಿಡಿದು ತಿಂಗಳುಗಟ್ಟಲೆ ಈಜುತ್ತದೆ. ಆಗಾಗ ತೋಳು ಬೀಸಿ ಅವಕ್ಕೆ ಹೊಸನೀರು ಹಾಯಿಸುತ್ತದೆ. ಆಹಾರವಿಲ್ಲ, ಒಡಲಲ್ಲಿ ಕೂಡಿಟ್ಟ ಕೊಬ್ಬೇ ಬುತ್ತಿ. ಇದಕ್ಕೆ ಬಾಣಂತನವೆಂಬುದಕ್ಕಿಂತ ಒಪ್ಪುವ ಪದ ನನಗೆ ತೋಚದು. ಭಾರದಿಂದ ವೇಗ ಕುಂದಿದ ಈ ತಾಯಿ, ಅಷ್ಟು ಆಳಕ್ಕೆ ಧುಮುಕಬಲ್ಲ ಸೀಲ್, ತಿಮಿಂಗಿಲಗಳಿಗೆ ಸುಲಭದ ತುತ್ತು.