ಲಡಾಖಿನ ಎತ್ತರದ ಮರುಭೂಮಿಯಲ್ಲಿ ಒಂದು ಬಿಡಾರ

ಮರುಭೂಮಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸುಡುವ ಮರಳು, ಒಂಟೆಗಳ ಸಾಲು, ರಾಜಸ್ಥಾನದ ಬಿಸಿಲು. ಆದರೆ ನಮ್ಮ ದೇಶದಲ್ಲಿ ಇನ್ನೊಂದು ಬಗೆಯ ಮರುಭೂಮಿಯೂ ಉಂಟು. ಅದು ಮುಗಿಲಿಗೆ ಹತ್ತಿರವಾದದ್ದು, ಚಳಿಯಿಂದ ನಡುಗಿಸುವಂಥದು. ಅದೇ ಲಡಾಖ್. ಮುಂಗಾರಿನ ಮೋಡಗಳು ಹಿಮಾಲಯದ ಈಚೆಯ ಮಗ್ಗುಲಲ್ಲಿಯೇ ತಮ್ಮ ನೀರನ್ನು ಸುರಿಸಿಬಿಡುವುದರಿಂದ ಆಚೆಯ ನಾಡಿಗೆ ದಕ್ಕುವುದು ಅತ್ಯಲ್ಪ. ಲೇಹ್ ಪಟ್ಟಣದಲ್ಲಿ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಬಿದ್ದರೆ ಹೆಚ್ಚು. ನಮ್ಮ ಆಗುಂಬೆಯಲ್ಲಿ ಮಳೆಗಾಲದ ಒಂದೇ ದಿನ ಅಷ್ಟು ಮಳೆ ಸುರಿಯುವುದು ಅಪರೂಪವಲ್ಲ.

ಬೆನ್ನಿಗೆ ಚೀಲ ಏರಿಸಿ, ಡೇರೆ ಹೊತ್ತು, ಈ ನಾಡಿನ ಕಣಿವೆಗಳಲ್ಲಿ ನಡೆದು ಬರುವ ಹವ್ಯಾಸ ನಮ್ಮ ಊರುಗಳ ತರುಣ ತರುಣಿಯರಲ್ಲಿಯೂ ಹಬ್ಬಿದೆ. ನಿಮ್ಮ ಮನೆಯಲ್ಲಿಯೂ ಇಂಥ ಮಾತು ನಡೆದಿರಬಹುದು. ಹೊರಡುವವರಿಗೂ ಅವರನ್ನು ಕಳುಹಿಸಿಕೊಡುವವರಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಅವನ್ನು ಒಂದು ದಾರಿಯ ಮೂಲಕವೇ ನೋಡೋಣ.

ಲೇಹ್‌ನ ದಕ್ಷಿಣಕ್ಕೆ ಮರ್ಖಾ ಎಂಬ ನದಿಯ ಕಣಿವೆಯಿದೆ. 1981ರಲ್ಲಿ ಸ್ಥಾಪಿತವಾದ ಹೆಮಿಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಈ ಪ್ರದೇಶ ಹಿಮಚಿರತೆಯ ನೆಲೆ. ಸ್ಕಿಯು, ಮರ್ಖಾ, ಹಂಕರ್ ಎಂಬ ಪುಟ್ಟ ಹಳ್ಳಿಗಳನ್ನು ದಾಟಿ ಮೇಲೇರಿದರೆ ನಿಮಾಲಿಂಗ್ ಎಂಬ ವಿಶಾಲವಾದ ಹುಲ್ಲುಗಾವಲು ಸಿಗುತ್ತದೆ. ಸಮುದ್ರಮಟ್ಟದಿಂದ ಇದರ ಎತ್ತರ 4,700 ಮೀಟರಿಗೂ ಮಿಕ್ಕಿದ್ದು; ಅಂದರೆ ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತಲೂ ಹೆಚ್ಚು. ಎದುರಿಗೆ ಕಾಂಗ್ ಯಾತ್ಸೆ ಎಂಬ ಹಿಮಶಿಖರ. ಬೇಸಿಗೆಯಲ್ಲಿ ಕಣಿವೆಯ ಜನ ಕುರಿ, ಆಡು, ಯಾಕುಗಳನ್ನು ಇಲ್ಲಿಗೆ ಮೇಯಿಸಲು ತರುತ್ತಾರೆ. ಊರಿಲ್ಲ, ಮರವಿಲ್ಲ. ನಡೆದು ಬಂದವನ ಬಿಡಾರ ಇಲ್ಲಿಯೇ.

ಮೊದಲನೆಯ ಸಂಗತಿ ಗಾಳಿಯದು. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕುಗ್ಗುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಸಮುದ್ರತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ನಿಮಾಲಿಂಗ್‌ನಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು. ಈ ಕೊರತೆಗೆ ದೇಹ ಹೊಂದಿಕೊಳ್ಳಬಲ್ಲದು; ಆದರೆ ಅದಕ್ಕೆ ದಿನಗಳು ಬೇಕು. ಬೆಂಗಳೂರಿನಿಂದ ಹೊರಟವನು ವಿಮಾನದಲ್ಲಿ ಅದೇ ದಿನ ಲೇಹ್ ಸೇರಬಹುದು. ಅವನ ರಕ್ತವೂ ಶ್ವಾಸಕೋಶವೂ ಮಾತ್ರ ಇನ್ನೂ ಬೆಂಗಳೂರಿನಲ್ಲಿಯೇ ಇರುತ್ತವೆ!

1962ರ ಯುದ್ಧದ ಕಾಲದಿಂದ ನಮ್ಮ ಸೈನಿಕರನ್ನು ಬಯಲುಸೀಮೆಯಿಂದ ಹೀಗೆ ಹಠಾತ್ತನೆ ಹಿಮಾಲಯದ ಎತ್ತರಕ್ಕೆ ಒಯ್ಯಬೇಕಾಯಿತು. ಅವರಲ್ಲಿ ಕಂಡ ಬೇನೆಯನ್ನು ಭಾರತೀಯ ವೈದ್ಯರು ಕೂಲಂಕಷವಾಗಿ ಗಮನಿಸಿ 1969ರಲ್ಲಿ ಪ್ರಕಟಿಸಿದ ವರದಿ ಇಂದಿಗೂ ಈ ವಿಷಯದ ಮುಖ್ಯ ಬರಹಗಳಲ್ಲಿ ಒಂದು. ಗಟ್ಟಿಮುಟ್ಟಾದ ಯುವಕರೂ ಈ ಬೇನೆಗೆ ಹೊರತಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಆಯಾಸ, ನಿದ್ದೆ ಬಾರದಿರುವುದು ಇದರ ಮೊದಲ ಲಕ್ಷಣಗಳು. ಅಲ್ಲಿಯೇ ತಡೆಯದಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಇಲ್ಲವೆ ಮಿದುಳು ಊದಿಕೊಳ್ಳಬಹುದು. ಎರಡೂ ಪ್ರಾಣಾಂತಿಕ.

ಇದಕ್ಕೆ ಉಪಾಯ ನಮ್ಮ ಹಿರಿಯರ ಮಾತಿನಲ್ಲಿಯೇ ಇದೆ: ನಿಧಾನವೇ ಪ್ರಧಾನ. ಲೇಹ್ ತಲಪಿದ ಮೇಲೆ ಎರಡು ದಿನವಾದರೂ ಪೂರ್ಣ ವಿಶ್ರಾಂತಿ ಬೇಕು. 3,000 ಮೀಟರಿನ ಮೇಲೆ, ಇಂದು ಮಲಗುವ ಸ್ಥಳ ನಿನ್ನೆ ಮಲಗಿದ್ದಕ್ಕಿಂತ 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿ ಇರಕೂಡದು; ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರುವುದನ್ನೇ ನಿಲ್ಲಿಸಬೇಕು. ಮರ್ಖಾ ಹಳ್ಳಿ ಸುಮಾರು 3,800 ಮೀಟರ್, ಹಂಕರ್ ಸುಮಾರು 4,000. ಹಂಕರ್‌ನಿಂದ ನೇರವಾಗಿ ನಿಮಾಲಿಂಗ್‌ಗೆ ಹೋದರೆ ಮಿತಿ ಮೀರಿದಂತಾಯಿತು. ಆದ್ದರಿಂದ ನಡುವೆ ತಾಚುಂಗ್ತ್ಸೆ ಎಂಬಲ್ಲಿ ಒಂದು ರಾತ್ರಿ ತಂಗುವುದು ಲೇಸು. ಈಚೆಗೆ ಮೋಟಾರು ರಸ್ತೆ ಕಣಿವೆಯ ಒಳಕ್ಕೂ ಬಂದಿದೆ. ಅದರಿಂದ ಕಾಲಿಗೆ ಸುಖ. ಆದರೆ ಎರಡು ದಿನದ ಏರನ್ನು ಎರಡು ಗಂಟೆಯಲ್ಲಿ ಮುಗಿಸಿದವನ ಶರೀರಕ್ಕೆ ಅಪಾಯ ಹೆಚ್ಚೇ ಹೊರತು ಕಡಮೆಯಲ್ಲ.

ಎರಡನೆಯದು ನೀರು. ಇಲ್ಲಿಯ ಹೊಳೆಗಳಿಗೆ ಹೆಚ್ಚಿನ ನೀರು ಮೇಲಿನ ಹಿಮ ಕರಗಿ ಬರುವಂಥದು. ಬೆಳಿಗ್ಗೆ ಮೊಣಕಾಲುದ್ದ ಇದ್ದ ಹೊಳೆ ಬಿಸಿಲೇರಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಉಕ್ಕಿ ಹರಿಯುತ್ತದೆ. ದಾಟುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ. ಒಣಗಿದ ಹಳ್ಳದಲ್ಲಿ ನೆಲ ಸಮವಾಗಿದೆಯೆಂದು ಡೇರೆ ಹೊಡೆಯಬೇಡಿ. ಮಳೆಯೇ ಬಾರದ ನಾಡೆಂಬ ನಂಬಿಕೆ ಮೋಸಮಾಡಬಹುದು. 2010ರ ಆಗಸ್ಟಿನಲ್ಲಿ ಲೇಹ್ ಸುತ್ತಿನಲ್ಲಿ ಒಂದೇ ರಾತ್ರಿ ಬಂದ ಮಳೆ, ಕೆಸರಿನ ಪ್ರವಾಹಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಗಿಡಬಳ್ಳಿಗಳಿಲ್ಲದ ಇಳಿಜಾರಿಗೆ ನೀರನ್ನು ಹಿಡಿದಿಡುವ ಶಕ್ತಿ ಇಲ್ಲ.

ಮೂರನೆಯದು ಅಡುಗೆ. 4,700 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಬೇಳೆ ಬೇಯದು, ಅಕ್ಕಿ ಅರೆಬೆಂದು ನಿಲ್ಲುತ್ತದೆ. ಪುಟ್ಟ ಪ್ರೆಷರ್ ಕುಕ್ಕರ್ ಬೇಕು. ಇಲ್ಲವೆ ನಮ್ಮ ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಕಡಲೆಕಾಯಿಯನ್ನು ನಂಬಿ. ಲಡಾಖಿನವರೂ ಹುರಿದ ಬಾರ್ಲಿಯ ಹಿಟ್ಟನ್ನೇ ಚಹದಲ್ಲಿ ಕಲಸಿ ತಿನ್ನುತ್ತಾರೆ. ಸೌದೆಯ ಮಾತು ಬೇಡ. ಒಣಗಿದ ಸಗಣಿ ಅಲ್ಲಿಯವರ ಚಳಿಗಾಲದ ಉರುವಲು, ಅದಕ್ಕೆ ಕೈ ಹಾಕುವುದು ತರವಲ್ಲ. ಸ್ಟೌವಿನ ಅನಿಲದ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಗೊಡುವುದಿಲ್ಲವಾದ್ದರಿಂದ ಲೇಹ್‌ನಲ್ಲಿಯೇ ಕೊಳ್ಳಬೇಕು. ಬೇಸಿಗೆಯಲ್ಲಿಯೂ ರಾತ್ರಿ ನೀರು ಹೆಪ್ಪುಗಟ್ಟಬಹುದು. ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್, ಉಣ್ಣೆಯ ಟೋಪಿ ಇರಲಿ. ಹಗಲಿನ ಬಿಸಿಲೋ ಬಹು ತೀಕ್ಷ್ಣ. ಕಪ್ಪು ಕನ್ನಡಕ ಮರೆಯಬೇಡಿ.

ಒಯ್ದ ಕಸವನ್ನೆಲ್ಲ ಮರಳಿ ತರಬೇಕೆಂಬುದಕ್ಕೂ ಕಾರಣವಿದೆ. ನಮ್ಮ ಮಲೆನಾಡಿನಲ್ಲಿ ಬಿದ್ದ ಎಲೆ ಒಂದು ಮಳೆಗಾಲದಲ್ಲಿ ಗೊಬ್ಬರವಾಗುತ್ತದೆ. ಚಳಿಯೂ ಒಣಹವೆಯೂ ಕೂಡಿದ ಈ ನೆಲದಲ್ಲಿ ಕೊಳೆಯುವ ಕ್ರಿಯೆಯೇ ಮಂದ. ನೀವು ಬಿಟ್ಟುಬಂದ ಕಾಗದ ವರ್ಷಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಬಹಿರ್ದೆಸೆಗೆ ನೀರಿನಿಂದ 60 ಮೀಟರಾದರೂ ದೂರ ಹೋಗಿ, ಒಂದು ಗೇಣು ಆಳದ ಗುಂಡಿ ತೋಡಿ, ಮುಚ್ಚಬೇಕು. ಕೆಳಗಿನ ಹಳ್ಳಿ ಕುಡಿಯುವುದು ಆ ನೀರನ್ನೇ.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದದ್ದು. ನಿಮಾಲಿಂಗ್‌ನಿಂದ ಮುಂದೆ ಸುಮಾರು 5,200 ಮೀಟರ್ ಎತ್ತರದ ಕೊಂಗ್ಮಾರು ಲಾ ಎಂಬ ಕಣಿವೆದಾರಿಯನ್ನು ದಾಟಿದರೆ ಆಚೆ ರಸ್ತೆ, ವಾಹನ, ಲೇಹ್. ರಾತ್ರಿ ಜತೆಗಾರನೊಬ್ಬನಿಗೆ ತಲೆನೋವು ಜೋರಾಯಿತು, ನೆಟ್ಟಗೆ ಹೆಜ್ಜೆಯಿಡಲಾರ, ಕುಳಿತಲ್ಲಿಯೂ ಏದುಸಿರು ಎನ್ನಿ. ‘ನಾಳೆ ಒಂದು ದಿನ ತಾಳಿಕೊ, ಏರಿ ದಾಟಿಬಿಟ್ಟರೆ ಊರೇ ಸಿಕ್ಕಿತು’ ಎಂದು ಧೈರ್ಯ ಹೇಳಲು ಮನಸ್ಸಾಗುತ್ತದೆ. ಅದು ಧೈರ್ಯವಲ್ಲ, ಅನಾಹುತ. ಆ ಐನೂರು ಮೀಟರಿನ ಏರು ಅವನ ಪ್ರಾಣಕ್ಕೇ ಎರವಾಗಬಹುದು. ಅವನನ್ನು ಬೆಳಗಿನವರೆಗೆ ಕಾಯಿಸದೆ, ಒಬ್ಬಂಟಿಯಾಗಿ ಬಿಡದೆ, ಬಂದ ದಾರಿಯಲ್ಲಿಯೇ ಹಂಕರ್ ಕಡೆಗೆ ಇಳಿಸಬೇಕು. ಔಷಧಿ, ಆಮ್ಲಜನಕ ಇವೆಲ್ಲ ನೆರವಿಗೆ. ಇಳಿಯುವುದೇ ನಿಜವಾದ ಮದ್ದು.

ಆದ್ದರಿಂದ ಹೊರಡುವ ಮುನ್ನವೇ ಜತೆಗಾರರೆಲ್ಲ ಕುಳಿತು ಒಂದು ಒಪ್ಪಂದ ಮಾಡಿಕೊಳ್ಳಿ: ತಲೆನೋವನ್ನು ಯಾರೂ ಮುಚ್ಚಿಡಕೂಡದು, ಹಿಂದಿರುಗುವವನನ್ನು ಯಾರೂ ಹಾಸ್ಯಮಾಡಕೂಡದು. ಮನೆಯ ಹಿರಿಯರೂ ಮಕ್ಕಳನ್ನು ಬೀಳ್ಕೊಡುವಾಗ ‘ಶಿಖರ ಮುಟ್ಟಿ ಬಾ’ ಎನ್ನುವುದರ ಬದಲು ‘ಬೇಕೆನಿಸಿದರೆ ಅರ್ಧದಲ್ಲಿಯೇ ತಿರುಗಿ ಬಾ’ ಎಂದು ಹೇಳಿ ಕಳುಹಿಸಲಿ. ನಿಮಾಲಿಂಗ್‌ನ ಹುಲ್ಲುಗಾವಲು ಮುಂದಿನ ಬೇಸಿಗೆಯಲ್ಲಿಯೂ ಅಲ್ಲಿಯೇ ಇರುತ್ತದೆ.